80 ಕಿ.ಮೀ. ಸವಾರಿಗೆ ಯಾವ ಲಾಳ: ಉಕ್ಕು, ಅಲ್ಯೂಮಿನಿಯಂ, ಅಥವಾ ಅಂಟಿಸುವ ಬಗೆ?

ಪ್ರಶ್ನೆ: ದೂರದಾರಿ

ಎಲ್ಲರಿಗೂ ನಮಸ್ಕಾರ.

ನನ್ನ ಬಳಿ ಅರಬ್ಬೀ ತಳಿಯ, ಒಂಬತ್ತು ವರ್ಷದ ಹೆಣ್ಣು ಕುದುರೆಯಿದೆ. ತೂಕ ಸುಮಾರು 420 ಕೆ.ಜಿ. ಇದುವರೆಗೆ 40 ಕಿ.ಮೀ. ವರ್ಗದ ಎಂಡ್ಯೂರೆನ್ಸ್ ಸವಾರಿಗಳಲ್ಲಿ (ಪಶುವೈದ್ಯರ ತಪಾಸಣೆಯಿರುವ ದೂರದ ಸವಾರಿ ಪಂದ್ಯಗಳಲ್ಲಿ) ಮಾತ್ರ ಓಡಿಸುತ್ತಿದ್ದೆ, ಮುಂದಿನ ಋತುವಿನಲ್ಲಿ 80 ಕಿ.ಮೀ. ವರ್ಗಕ್ಕೆ ಇಳಿಸಬೇಕೆಂದಿದ್ದೇನೆ. ಹೃದಯಬಡಿತ ಬೇಗ ಇಳಿಯುತ್ತದೆ, ದಾರಿಯಲ್ಲಿ ನೀರು ಕುಡಿಯುತ್ತದೆ, ಮೇವು ಬಿಡುವುದಿಲ್ಲ. ನನ್ನ ಚಿಂತೆಯೆಲ್ಲ ಗೊರಸಿನದು.

ಈಗ ನಾಲ್ಕು ಕಾಲಿಗೂ 8 ಮಿ.ಮೀ. ದಪ್ಪದ ಸಾಧಾರಣ ಉಕ್ಕಿನ ಲಾಳವಿದೆ. ಲಾಳ ಹೊಡೆಸಿ ಐದನೆಯ ವಾರಕ್ಕೆ ಬರುವಷ್ಟರಲ್ಲಿ ಮುಂಗಾಲಿನ ಲಾಳಗಳ ಮುಂತುದಿ ಎಷ್ಟು ಸವೆದಿರುತ್ತದೆಂದರೆ ಬೆರಳಿನಿಂದ ಸವರಿದಾಗ ಅಂಚು ಹರಿತವಾಗಿ ತಾಗುತ್ತದೆ; ಹಿಂಗಾಲಿನವು ಅಷ್ಟು ಸವೆಯುವುದಿಲ್ಲ. ನಾವು ಓಡುವ ಹಾದಿ ಒಂದೇ ತೆರನಾದುದಲ್ಲ. ಹೆಚ್ಚಿನ ಪಾಲು ಗಟ್ಟಿಮಣ್ಣಿನ ದಾರಿ, ಅದರ ನಡುನಡುವೆ ಜಲ್ಲಿಕಲ್ಲು ಹರಡಿದ ಉದ್ದನೆಯ ಪಟ್ಟಿಗಳು, ಸ್ವಲ್ಪ ಡಾಂಬರು, ಕೆಲವೆಡೆ ಸಡಿಲವಾದ ಮರಳು. ಜಲ್ಲಿ ಬಂದ ಕೂಡಲೇ ಕುದುರೆ ಹೆಜ್ಜೆಯನ್ನು ಗಿಡ್ಡ ಮಾಡಿಕೊಂಡು ದಾರಿಯಂಚಿನ ಹುಲ್ಲಿನ ಕಡೆಗೆ ಸರಿಯಲು ನೋಡುತ್ತದೆ. ಕುಂಟುವುದಿಲ್ಲ, ತಪಾಸಣೆಯಲ್ಲಿ ನಡಿಗೆಯ ಬಗ್ಗೆ ಈವರೆಗೆ ಆಕ್ಷೇಪವೂ ಬಂದಿಲ್ಲ. ಆದರೆ 40 ಕಿ.ಮೀ.ಯಲ್ಲಿ ಇಷ್ಟಾಗುವುದಾದರೆ 80 ಕಿ.ಮೀ.ಯಲ್ಲಿ ಏನಾದೀತು ಎಂಬ ಅಳುಕಿದೆ.

ಜೊತೆಯ ಸವಾರರಲ್ಲಿ ಒಬ್ಬರು ಅಲ್ಯೂಮಿನಿಯಂ ಲಾಳಕ್ಕೆ ಬದಲಾಯಿಸಿ ಎನ್ನುತ್ತಾರೆ, ಇನ್ನೊಬ್ಬರು ಉಕ್ಕನ್ನೇ ಇಟ್ಟುಕೊಂಡು ಲಾಳಕ್ಕೂ ಗೊರಸಿಗೂ ನಡುವೆ ಪ್ಯಾಡ್ ಕೊಡಿಸಿ ಎನ್ನುತ್ತಾರೆ, ಮತ್ತೊಬ್ಬರು ಮೊಳೆಯೇ ಬೇಡ, ಪಾಲಿಯುರೆಥೇನ್ (ರಬ್ಬರಿನಂಥ ಪ್ಲಾಸ್ಟಿಕ್) ಲಾಳವನ್ನೋ ಗೊರಸಿಗೆ ತೊಡಿಸುವ ಬೂಟನ್ನೋ ಅಂಟಿಸಿಬಿಡಿ ಎನ್ನುತ್ತಾರೆ. ಮೂವರ ಕುದುರೆಗಳೂ ಚೆನ್ನಾಗಿಯೇ ಓಡುತ್ತಿರುವುದರಿಂದ ಯಾರ ಮಾತನ್ನೂ ತಳ್ಳಿಹಾಕುವಂತಿಲ್ಲ. ಯಾವ ಆಧಾರದ ಮೇಲೆ ಆರಿಸಬೇಕು ಎಂಬುದನ್ನು, ಕೆಲಸ ಬಲ್ಲವರು ಕಾರಣಸಹಿತ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಸುತ್ತಿಗೆ ಮತ್ತು ಅರ

ನಮಸ್ಕಾರ. ನಾನು ಲಾಳ ಹೊಡೆಯುವ ವೃತ್ತಿಯವನು. ಯಾವ ಲೋಹ ಎಂಬುದನ್ನು ಕೊನೆಗೆ ಇಟ್ಟುಕೊಳ್ಳಿ ಎಂದು ಮೊದಲೇ ಕೋರುತ್ತೇನೆ. ಗೊರಸನ್ನು ಹೇಗೆ ಕತ್ತರಿಸಿ ಸಮಮಾಡಲಾಗಿದೆ, ಲಾಳ ಅದರ ಮೇಲೆ ಎಲ್ಲಿ ಕೂತಿದೆ, ಎಷ್ಟು ವಾರಕ್ಕೊಮ್ಮೆ ಬದಲಾಗುತ್ತಿದೆ ಎಂಬ ಮೂರು ಸಂಗತಿಗಳು ಸರಿಯಿಲ್ಲದಿದ್ದರೆ ಎಂಥ ದುಬಾರಿ ಲಾಳ ಹಾಕಿಸಿದರೂ ದೂರದ ಸವಾರಿಯಲ್ಲಿ ಕಾಲು ಸೋಲುತ್ತದೆ.

ನೀವು ಹೇಳಿದ ಮುಂತುದಿಯ ಸವೆತದಿಂದಲೇ ಆರಂಭಿಸೋಣ. ಗೊರಸು ತಿಂಗಳಿಗೆ ಸುಮಾರು 6ರಿಂದ 10 ಮಿ.ಮೀ. ಬೆಳೆಯುತ್ತದೆ. ಅದು ನೇರವಾಗಿ ಕೆಳಗೆ ಬೆಳೆಯದೆ ಓರೆಯಾಗಿ ಮುಂದಕ್ಕೆ ಬೆಳೆಯುವುದರಿಂದ, ಅದಕ್ಕೆ ಮೊಳೆಯಲ್ಲಿ ಬಿಗಿದ ಲಾಳವೂ ವಾರ ಕಳೆದಂತೆ ಮುಂದಕ್ಕೆ ಜಾರುತ್ತದೆ. ಹಿಮ್ಮಡಿಗೆ ಆಸರೆ ಕಡಿಮೆಯಾಗುತ್ತದೆ, ಮುಂತುದಿ ಉದ್ದವಾಗುತ್ತದೆ. ಉದ್ದವಾದ ಮುಂತುದಿಯ ಮೇಲಿಂದ ಗೊರಸನ್ನು ಮಗುಚಿ ಎತ್ತಲು ಪ್ರತಿ ಹೆಜ್ಜೆಗೂ ಹೆಚ್ಚು ಬಲ ಬೇಕು, ಆ ಎಳೆತವೆಲ್ಲ ಕಾಲಿನ ಹಿಂಬದಿಯ ಸ್ನಾಯುರಜ್ಜುವಿನ ಮೇಲೆ ಬೀಳುತ್ತದೆ. ಲೋಹ ಸವೆಯುವುದೂ ಅಲ್ಲಿಯೇ. ಹಾಗಾಗಿ ಲೋಹ ಮೆದುವೆಂದು ತೀರ್ಮಾನಿಸುವ ಮುನ್ನ ಮುಂತುದಿ ಉದ್ದವಾಗುತ್ತಿದೆಯೇ ಎಂದು ನೋಡಿ. ಕುದುರೆಯನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ ಪಕ್ಕದಿಂದ ಗಮನಿಸಿದರೆ, ಗೊರಸಿನ ಮುಂಗೋಡೆಯ ಓರೆಯೂ ಅದರ ಮೇಲಿನ ಗಿಣ್ಣಿನ ಓರೆಯೂ ಒಂದೇ ಗೆರೆಯಲ್ಲಿರಬೇಕು. ಐದನೆಯ ವಾರದಲ್ಲಿ ಆ ಗೆರೆ ಗೊರಸಿನ ಹತ್ತಿರ ಮುರಿದು ಮುಂದಕ್ಕೆ ಬಾಗಿದಂತೆ ಕಂಡರೆ, ನಿಮ್ಮ ಕುದುರೆಗೆ ಐದು ವಾರ ಹೆಚ್ಚಾಯಿತೆಂದೇ ಅರ್ಥ. ದೂರದ ಸವಾರಿಯ ಕುದುರೆಗಳಿಗೆ ನಾನು ನಾಲ್ಕರಿಂದ ಐದು ವಾರ ದಾಟಲು ಬಿಡುವುದಿಲ್ಲ, ಲಾಳ ಸವೆಯದೆ ಹೊಸದರಂತೆ ಇದ್ದರೂ ಸರಿಯೇ.

ಇನ್ನೊಂದು ಕೆಲಸ ಮಾಡಿ. ಮುಂದಿನ ಬಾರಿ ಹಳೆಯ ಲಾಳ ಬಿಚ್ಚಿದಾಗ ಅದನ್ನು ಎಸೆಯಬೇಡಿ. ತೊಳೆದು, ಗೊರಸಿಗೆ ತಾಗಿದ್ದ ಮೇಲ್ಮೈಯನ್ನು ಬೆಳಕಿಗೆ ಹಿಡಿಯಿರಿ. ಎರಡೂ ಹಿಮ್ಮಡಿಗಳ ಜಾಗದಲ್ಲಿ ಉಜ್ಜಿ ಹೊಳಪೇರಿದ, ಉಗುರಿಗೆ ಸಿಗುವಷ್ಟು ತಗ್ಗಾದ ಚಿಕ್ಕ ಗುರುತುಗಳು ಕಾಣಬೇಕು. ಭಾರ ಬಿದ್ದಾಗ ಗೊರಸಿನ ಹಿಂಭಾಗ ಅಗಲವಾಗಿ, ಭಾರ ಎತ್ತಿದಾಗ ಮತ್ತೆ ಕೂಡಿಕೊಳ್ಳುತ್ತದೆ. ಉಕ್ಕಿನ ಮೇಲೆ ಆ ಓಡಾಟವೇ ಬರೆದ ಗುರುತು ಅದು. ಎರಡು ಬದಿಯಲ್ಲೂ ಸಮವಾಗಿ ಕಂಡರೆ ಗೊರಸು ತನ್ನ ಕೆಲಸ ಮಾಡುತ್ತಿದೆ. ಒಂದು ಬದಿಯಲ್ಲಿ ಮಾತ್ರ ಕಂಡರೆ ಭಾರ ಒಂದೇ ಕಡೆ ಬೀಳುತ್ತಿರಬಹುದು, ಅಥವಾ ಗುರುತು ಕಾಣದ ಬದಿಯ ಕೊನೆಯ ಮೊಳೆ ತೀರ ಹಿಂದಕ್ಕೆ ಹೋಗಿರಬಹುದು. ಮೊಳೆಗಳು ಗೊರಸಿನ ಅತ್ಯಂತ ಅಗಲವಾದ ಭಾಗವನ್ನು ದಾಟಿ ಹಿಂದೆ ಹೋಗಬಾರದು. ಹೋದರೆ ಹಿಮ್ಮಡಿ ಅಗಲವಾಗಲು ಜಾಗವೇ ಇರುವುದಿಲ್ಲ.

ಈಗ ಲೋಹದ ಮಾತು. ಟ್ರಾಟಿನಲ್ಲಿ, ಎಂದರೆ ನಿಧಾನ ಓಟದಲ್ಲಿ, ಕುದುರೆಯ ಒಂದು ಪೂರ್ಣ ಹೆಜ್ಜೆ ಎರಡೂವರೆಯಿಂದ ಮೂರು ಮೀಟರ್ ಎಂದಿಟ್ಟುಕೊಂಡರೆ, 80 ಕಿ.ಮೀ. ಮುಗಿಯುವಷ್ಟರಲ್ಲಿ ಪ್ರತಿಯೊಂದು ಗೊರಸೂ ಇಪ್ಪತ್ತೇಳರಿಂದ ಮೂವತ್ತೆರಡು ಸಾವಿರ ಬಾರಿ ನೆಲದಿಂದ ಎದ್ದಿರುತ್ತದೆ. ಲಾಳದಲ್ಲಿ 100 ಗ್ರಾಂ ಉಳಿಸಿದರೆ ಒಂದೊಂದು ಕಾಲೂ ದಿನವಿಡೀ ಒಟ್ಟು ಮೂರು ಟನ್ನಿನಷ್ಟು ಕಡಿಮೆ ಎತ್ತಿದಂತಾಯಿತು. ಅದೂ ಕಾಲಿನ ತುತ್ತತುದಿಯಲ್ಲಿ, ಬೀಸುವಾಗ ಭಾರ ಅತಿ ಹೆಚ್ಚಾಗಿ ತಿಳಿಯುವ ಜಾಗದಲ್ಲಿ. ಅಲ್ಯೂಮಿನಿಯಂ ಪರವಾಗಿ ಮಾತನಾಡುವವರ ಬಲ ಇರುವುದು ಇಲ್ಲಿ. ಅದರ ಸಾಂದ್ರತೆ ಉಕ್ಕಿನ ಮೂರನೆಯ ಒಂದು ಭಾಗ. ದಪ್ಪ ಹೆಚ್ಚಿಸಿ ಮಾಡಿದರೂ ಲಾಳದ ತೂಕ ಉಕ್ಕಿನ ಅರ್ಧದ ಆಸುಪಾಸಿನಲ್ಲಿ ನಿಲ್ಲುತ್ತದೆ. ಅದೇ ತೂಕದಲ್ಲಿ ಹೆಚ್ಚು ಅಗಲದ ಪಟ್ಟಿ ಮಾಡಬಹುದಾದ್ದರಿಂದ ಗೊರಸಿನ ತಳಕ್ಕೆ ಹೊದಿಕೆಯೂ ಸಿಗುತ್ತದೆ.

ಆದರೆ ಜಲ್ಲಿ ಮತ್ತು ಡಾಂಬರಿನ ಮೇಲೆ ಅಲ್ಯೂಮಿನಿಯಂ ಬೇಗ ಸವೆಯುತ್ತದೆ. ಈಗಿನ ಉಕ್ಕನ್ನೇ ಐದು ವಾರದಲ್ಲಿ ಹರಿತ ಮಾಡುವ ನಿಮ್ಮ ಹಾದಿಯಲ್ಲಿ, ಅಭ್ಯಾಸಕ್ಕೂ ಪಂದ್ಯಕ್ಕೂ ಸೇರಿ ಅದು ಬಾಳಿಕೆ ಬರುವುದು ಅನುಮಾನ. ಅವಧಿ ಮುಗಿಯುವ ಮೊದಲೇ ಸವೆದರೆ ಮತ್ತೆ ಮೊಳೆ ಹೊಡೆಯಬೇಕು. ಹಳೆಯ ತೂತುಗಳು ಕೆಳಗಿಳಿದು ಕತ್ತರಿಸಿ ಹೋಗುವ ಮುನ್ನವೇ ಹೊಸ ತೂತುಗಳು ಬಿದ್ದು ಗೊರಸಿನ ಗೋಡೆ ಒಡೆದು ಬರುತ್ತದೆ. ಇನ್ನೊಂದು ವಿಷಯ, ಉಕ್ಕನ್ನು ಕಾಯಿಸಿದರೆ ಕೆಂಪಗಾಗಿ ಎಷ್ಟು ಬಿಸಿಯಾಯಿತೆಂದು ತಾನೇ ತಿಳಿಸುತ್ತದೆ, ಅಲ್ಯೂಮಿನಿಯಂ 660 ಡಿಗ್ರಿ ಸೆಲ್ಸಿಯಸ್‌ಗೆ ಕರಗಿಬಿಡುತ್ತದೆ, ಅದಕ್ಕೂ ಮೊದಲು ಬಣ್ಣ ತೋರಿಸುವುದಿಲ್ಲ. ಆದ್ದರಿಂದ ಅದನ್ನು ಹೆಚ್ಚಾಗಿ ತಣ್ಣಗಿರುವಾಗಲೇ ಬಗ್ಗಿಸಿ ಕೂರಿಸುತ್ತೇವೆ, ಅದಕ್ಕೆ ಪಳಗಿದ ಕೈ ಬೇಕು. ನಿಮ್ಮ ಲಾಳ ಹೊಡೆಯುವವರಿಗೆ ಆ ರೂಢಿ ಇದೆಯೇ ಎಂದು ಕೇಳಿಕೊಳ್ಳಿ.

ನನ್ನ ಆಯ್ಕೆ ಹೇಳುವುದಾದರೆ, ಒಂದು ಅವಧಿಯನ್ನು ಸವೆಯದೆ ದಾಟಿಸಬಲ್ಲ ಲಾಳಗಳಲ್ಲಿ ಅತ್ಯಂತ ಹಗುರವಾದದ್ದು ಯಾವುದೋ ಅದು. ನಿಮ್ಮ ಹಾದಿಗೆ ಅದು ಹಗುರ ಉಕ್ಕು. ಮುಂಗಾಲಿಗೆ ತುಸು ಅಗಲದ ಪಟ್ಟಿ, ಮುಂತುದಿಯನ್ನು ದುಂಡಗೆ ಮೇಲಕ್ಕೆ ಬಾಗಿಸಿದ್ದು. ಹಿಂಗಾಲಿಗೆ ಒಳ ಅಂಚನ್ನು ಇಳಿಜಾರಾಗಿ ಮಾಡಿದ, ಮಣ್ಣು ಕಚ್ಚಿಕೊಳ್ಳದೆ ಉದುರಿಹೋಗುವ ಪಟ್ಟಿ. ಮುಂದಕ್ಕೂ ಹಿಂದಕ್ಕೂ ಒಂದೇ ಬಗೆ ಇರಬೇಕೆಂಬ ನಿಯಮವೇನೂ ಇಲ್ಲ. ಕುದುರೆಯ ಭಾರದಲ್ಲಿ ನೂರಕ್ಕೆ ಸುಮಾರು 60 ಪಾಲು ಮುಂಗಾಲುಗಳ ಮೇಲಿರುತ್ತದೆ, ಗೊರಸಿನ ಆಕಾರವೂ ಬೇರೆ: ಮುಂದಿನದು ದುಂಡಗೆ, ಹಿಂದಿನದು ತುಸು ಚೂಪು.

ಉತ್ತರ: ಪಶುವೈದ್ಯೆ

ಮೇಲಿನ ಉತ್ತರದ ಬಹುಪಾಲನ್ನು ನಾನು ಒಪ್ಪುತ್ತೇನೆ. ಆದರೆ ಪ್ರಶ್ನೆಯಲ್ಲಿ ನನ್ನ ಗಮನ ಸೆಳೆದದ್ದು ಲಾಳದ ಸವೆತಕ್ಕಿಂತ ಹೆಚ್ಚಾಗಿ, ಜಲ್ಲಿಯ ಮೇಲೆ ಹೆಜ್ಜೆ ಗಿಡ್ಡವಾಗುವುದು ಮತ್ತು ಕುದುರೆ ಹುಲ್ಲಿನ ಕಡೆಗೆ ಸರಿಯುವುದು. ಕುದುರೆ ತಲೆಯಾಡಿಸುತ್ತ ಒಂದು ಕಾಲನ್ನು ಉಳಿಸಿ ನಡೆದರೆ ಮಾತ್ರ ನೋವು ಎಂದು ನಾವು ಎಣಿಸುತ್ತೇವೆ. ಎರಡೂ ಮುಂಗಾಲು ಸಮವಾಗಿ ನೋಯುವಾಗ ಯಾವ ಕಾಲನ್ನೂ ಉಳಿಸಲಾಗದು. ಹೆಜ್ಜೆ ಗಿಡ್ಡವಾಗುವುದೊಂದೇ ಅದಕ್ಕಿರುವ ದಾರಿ. ಸವಾರರು ಇದನ್ನು ಕುದುರೆಯ ಜಾಣತನವೆಂದೋ ಸೋಮಾರಿತನವೆಂದೋ ಬಗೆದು ಮುಂದೆ ಸಾಗಿಬಿಡುತ್ತಾರೆ.

ಗೊರಸಿನ ತಳ ತೆಳುವಾಗಿರುವ ಸಾಧ್ಯತೆ ಹೆಚ್ಚು. ಹೆಬ್ಬೆರಳಿನಿಂದ ತಳವನ್ನು ಬಲವಾಗಿ ಒತ್ತಿ ನೋಡಿ, ಸ್ವಲ್ಪವೂ ಬಳುಕಬಾರದು. ಬಳುಕಿದರೆ ತಳ ತೆಳುವೆಂದು ಖಚಿತ, ಬಳುಕದಿದ್ದರೆ ದಪ್ಪವೆಂದು ಖಚಿತವಲ್ಲ. ಸರಿಯಾದ ಅಳತೆ ಪಕ್ಕದಿಂದ ತೆಗೆದ ಎಕ್ಸ್-ರೇಯಲ್ಲಿ ಸಿಗುತ್ತದೆ. ಗೊರಸಿನೊಳಗಿನ ಮೂಳೆಯ ತುದಿಯಿಂದ ತಳದವರೆಗೆ ಕನಿಷ್ಠ 15 ಮಿ.ಮೀ. ಇರಬೇಕೆಂಬುದು ನಾವು ಸಾಮಾನ್ಯವಾಗಿ ಬಳಸುವ ಅಳತೆ. ಅದೇ ಎಕ್ಸ್-ರೇಯಲ್ಲಿ ಮುಂತುದಿ ಎಷ್ಟು ಉದ್ದವಿದೆ, ಹಿಮ್ಮಡಿ ಎಷ್ಟು ಕುಸಿದಿದೆ ಎಂಬುದೂ ಕಾಣುವುದರಿಂದ ಲಾಳ ಹೊಡೆಯುವವರಿಗೆ ಅದು ನಕ್ಷೆಯಂತೆ ಉಪಯೋಗಕ್ಕೆ ಬರುತ್ತದೆ. ಒಮ್ಮೆ ತೆಗೆಸಿ ಅವರ ಕೈಗೆ ಕೊಡಿ. ತಳ ತೆಳುವಾಗಿದ್ದಾಗ ಚಾಕುವಿನಿಂದ ತಳವನ್ನು ಕೆರೆದು ಚೊಕ್ಕಗೊಳಿಸುವ ಅಭ್ಯಾಸವನ್ನು ಪೂರ್ತಿ ನಿಲ್ಲಿಸಬೇಕು. ನೋಡಲು ಅಚ್ಚುಕಟ್ಟಾಗಿ ಕಾಣುವ ಆ ಕೆಲಸದಲ್ಲಿ ಕುದುರೆಯ ಸ್ವಂತ ರಕ್ಷಣೆಯೇ ಹೋಗಿರುತ್ತದೆ.

ಪ್ಯಾಡ್ ಬಗ್ಗೆ. ಲಾಳಕ್ಕೂ ಗೊರಸಿಗೂ ನಡುವೆ ಪೂರ್ತಿ ಹಾಳೆಯ ಪ್ಯಾಡ್ ಹಾಕಿ, ಅದರ ಒಳಗಿನ ಖಾಲಿ ಜಾಗಕ್ಕೆ ಸಿಲಿಕೋನ್ ತುಂಬಿದರೆ ಜಲ್ಲಿಯ ಪೆಟ್ಟು ತಳಕ್ಕೆ ನೇರವಾಗಿ ತಾಗುವುದಿಲ್ಲ. ಸಿಲಿಕೋನ್ ತುಂಬದೆ ಹಾಕಿಸಬೇಡಿ: ಹಿಂದಿನ ಸಂದಿಯಿಂದ ಮರಳು ಒಳಹೊಕ್ಕು ಗಟ್ಟಿಯಾಗಿ, ಪ್ಯಾಡ್ ಇಲ್ಲದಿದ್ದರೆ ಆಗುತ್ತಿದ್ದುದಕ್ಕಿಂತ ಹೆಚ್ಚಿನ ಒತ್ತಡ ಒಳಗಿನಿಂದಲೇ ಬೀಳುತ್ತದೆ. ಚರ್ಮದ ಪ್ಯಾಡ್ ನೀರು ಕುಡಿದು ಕುಗ್ಗುವುದರಿಂದ ಮೊಳೆಗಳ ಬಿಗಿ ಸಡಿಲವಾಗುತ್ತದೆ. ಪ್ಲಾಸ್ಟಿಕ್ ಬಗೆಯದು ವಾಸಿ. ಯಾವುದೇ ಆದರೂ ಒಳಗೆ ತೇವ ನಿಂತು, ತಳದ ನಡುವಿನ ಮೆತ್ತನೆಯ ತ್ರಿಕೋನವಾದ ಫ್ರಾಗ್ ಕೊಳೆಯುವ ಅಪಾಯ ಇದ್ದೇ ಇದೆ. ಕೊಳೆತ ವಾಸನೆ ಈಗಾಗಲೇ ಇದ್ದರೆ ಮೊದಲು ಅದನ್ನು ಗುಣಪಡಿಸಿ, ಆಮೇಲೆ ಮುಚ್ಚಿ. ವರ್ಷವಿಡೀ ಪ್ಯಾಡ್ ಇಡುವುದಕ್ಕಿಂತ ಕಲ್ಲುದಾರಿಯ ಪಂದ್ಯಗಳಿರುವ ಅವಧಿಗೆ ಮಾತ್ರ ಹಾಕಿಸುವುದು ನನಗೆ ಸರಿಯೆನಿಸುತ್ತದೆ.

ನೀವು ಕೇಳಿಲ್ಲ, ಆದರೂ ಹಿಡಿತದ ಬಗ್ಗೆ ಹೇಳಲೇಬೇಕು. ಡಾಂಬರಿನ ಮೇಲೆ ಉಕ್ಕು ಜಾರುತ್ತದೆಂದು ಹೆದರಿ ಟಂಗ್‌ಸ್ಟನ್ ಕಾರ್ಬೈಡ್ ತುದಿಯ ಗಟ್ಟಿ ಗುಬುಟುಗಳನ್ನು ಲಾಳಕ್ಕೆ ಧಾರಾಳವಾಗಿ ಹೊಡೆಸುವವರಿದ್ದಾರೆ. ಗೊರಸು ನೆಲಕ್ಕೆ ತಾಗಿದ ಕ್ಷಣದಲ್ಲಿ ಸ್ವಲ್ಪ ಮುಂದಕ್ಕೆ ಸರಿದು ನಿಲ್ಲುವುದು ಸಹಜ. ಬಿದ್ದ ವೇಗದ ಒಂದು ಪಾಲು ಆ ಸರಿದಾಟದಲ್ಲಿ ಕಳೆದುಹೋಗುತ್ತದೆ. ಅದನ್ನು ಪೂರ್ತಿ ತಡೆದರೆ ಆ ಬಲವೆಲ್ಲ ಕೀಲುಗಳಿಗೆ ಏರುತ್ತದೆ. ನೂರಾರು ಹೆಜ್ಜೆಗಳ ಆಟದಲ್ಲಿ ಇದು ನಡೆದೀತು, ಮೂವತ್ತು ಸಾವಿರ ಹೆಜ್ಜೆಗಳ ಸವಾರಿಯಲ್ಲಿ ನಡೆಯುವುದಿಲ್ಲ. ಬೇಕೇ ಬೇಕೆಂದರೆ ಕಾರ್ಬೈಡ್ ತುದಿಯ ಮೊಳೆಯನ್ನು ಎರಡು ಹಿಮ್ಮಡಿಗಳ ಕಡೆಗೂ ಒಂದೊಂದರಂತೆ ಹಾಕಿಸಿ. ಒಂದು ಬದಿಗೆ ಮಾತ್ರ ಹಾಕಿದರೆ ಗೊರಸು ಓರೆಯಾಗಿ ನೆಲಕ್ಕೆ ಕೂರುತ್ತದೆ.

ತಪಾಸಣೆಯಲ್ಲಿ ನಾವು ಹೃದಯಬಡಿತ ನಿಗದಿತ ಸಮಯದೊಳಗೆ ಸಾಮಾನ್ಯವಾಗಿ ನಿಮಿಷಕ್ಕೆ 64ಕ್ಕೆ ಇಳಿದಿದೆಯೇ ಎಂದು ನೋಡುವಷ್ಟೇ ಗಂಭೀರವಾಗಿ, ಗಟ್ಟಿ ನೆಲದಲ್ಲಿ ನೇರವಾಗಿ ಟ್ರಾಟ್ ಮಾಡಿಸಿ ನಡಿಗೆಯನ್ನೂ ನೋಡುತ್ತೇವೆ. ಪಂದ್ಯದಿಂದ ಹೊರಗುಳಿಯುವ ಕುದುರೆಗಳಲ್ಲಿ ನಡಿಗೆಯ ದೋಷದಿಂದ ಹೊರಬೀಳುವವೇ ಹೆಚ್ಚು. ಹೃದಯ ಸಿದ್ಧವಾಗಿದ್ದು ಗೊರಸು ಸಿದ್ಧವಾಗಿಲ್ಲದ ಕುದುರೆಯನ್ನು ಹಿಂದಕ್ಕೆ ಕಳಿಸುವಾಗ ನಮಗೂ ಸಂಕಟವಾಗುತ್ತದೆ.

ಉತ್ತರ: ಕಲ್ಲುದಾರಿ

ಮೊಳೆಯಿಲ್ಲದ ದಾರಿಯ ಪರವಾಗಿ ಯಾರೂ ಮಾತನಾಡಿಲ್ಲವಾದ್ದರಿಂದ ನಾನು ಬರೆಯುತ್ತಿದ್ದೇನೆ. ನಾನು ಸವಾರ ಮಾತ್ರ, ಲಾಳದ ಕೆಲಸದವನಲ್ಲ.

ಅಮೆರಿಕದ ಟೆವಿಸ್ ಕಪ್ ಸವಾರಿ 1955ರಿಂದ ನಡೆದುಬಂದಿದೆ. ಸಿಯೆರಾ ನೆವಾಡ ಪರ್ವತದ ಬಂಡೆಗಲ್ಲಿನ ಹಾದಿಯಲ್ಲಿ 100 ಮೈಲಿಯನ್ನು, ಎಂದರೆ ಸುಮಾರು 160 ಕಿ.ಮೀ.ಯನ್ನು, 24 ಗಂಟೆಯೊಳಗೆ ಮುಗಿಸಬೇಕು. ಅಂಥ ಹಾದಿಯಲ್ಲಿ ಅಂಟಿಸಿದ ಬೂಟು ತೊಟ್ಟ ಕುದುರೆ ಮೊದಲ ಸ್ಥಾನದಲ್ಲಿ ಬಂದದ್ದೂ ಇದೆ. ಹೀಗಿರುವಾಗ ಇದು ಹವ್ಯಾಸಿಗಳ ಪ್ರಯೋಗ ಎಂದು ಬದಿಗೆ ಸರಿಸುವುದು ನ್ಯಾಯವಲ್ಲ. ಪಾಲಿಯುರೆಥೇನ್ ತಾನೇ ಪೆಟ್ಟನ್ನು ಹೀರಿಕೊಳ್ಳುತ್ತದೆ, ತಳವನ್ನು ಪೂರ್ತಿ ಮುಚ್ಚುತ್ತದೆ, ಗೋಡೆಗೆ ಮೊಳೆಯ ತೂತು ಬೀಳುವುದಿಲ್ಲ. ಗೋಡೆ ಪದರ ಪದರವಾಗಿ ಒಡೆದು ಮೊಳೆ ನಿಲ್ಲದಂತಾದ ಕುದುರೆಗೆ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ.

ಆದರೆ ಇದರ ಕಷ್ಟವನ್ನೂ ಮುಚ್ಚಿಡಬಾರದು. ಅಂಟು ನಿಲ್ಲುವುದು ಪೂರ್ತಿಯಾಗಿ ತಯಾರಿಯ ಮೇಲೆ. ಗೊರಸಿನ ಗೋಡೆಯನ್ನು ಮರಳುಕಾಗದದಿಂದ ಹೊಳಪು ಹೋಗುವವರೆಗೆ ಉಜ್ಜಬೇಕು, ತೇವ ಆರಿಸಬೇಕು, ಆಮೇಲೆ ಬರಿಗೈಯಿಂದ ಮುಟ್ಟಬಾರದು; ಬೆರಳಿನ ಜಿಡ್ಡು ಸಾಕು, ಅಂಟು ಮರುದಿನ ಹಾಳೆಯಂತೆ ಎದ್ದುಬರುತ್ತದೆ. ಹಿಂದಿನ ದಿನಗಳಲ್ಲಿ ಗೊರಸಿಗೆ ಎಣ್ಣೆ ಹಚ್ಚಿರಬಾರದು. ಚಳಿಯಿದ್ದರೆ ಅಂಟು ನಿಧಾನವಾಗಿ ಗಟ್ಟಿಯಾಗುತ್ತದೆ, ಅಷ್ಟು ಹೊತ್ತು ಕುದುರೆ ಕಾಲನ್ನು ಅಲುಗಿಸದೆ ನಿಲ್ಲಬೇಕು. ಹಿಮ್ಮಡಿಯ ಭಾಗಕ್ಕೆ ಗಟ್ಟಿ ಅಂಟು ಹಚ್ಚದೆ ಬಿಡಬೇಕು, ಇಲ್ಲದಿದ್ದರೆ ಮೊಳೆ ಹಿಂದಕ್ಕೆ ಹೋದಾಗ ಆಗುವ ತೊಂದರೆಯೇ ಇಲ್ಲಿಯೂ ಆಗುತ್ತದೆ.

ಕಟ್ಟಿ ಬಿಚ್ಚುವ ಬೂಟುಗಳು ಅಭ್ಯಾಸಕ್ಕೆ ಬಹಳ ಅನುಕೂಲ. ಉದ್ದನೆಯ ಪಂದ್ಯಕ್ಕೆ ನನಗೆ ಅವುಗಳ ಮೇಲೆ ಅಷ್ಟು ಭರವಸೆಯಿಲ್ಲ. ಸಡಿಲ ಮರಳಿನಲ್ಲಿ ಒಳಗೆ ಮರಳು ತುಂಬಿ, ಹಿಮ್ಮಡಿಯ ಮೆದು ಚರ್ಮ ಕೆಂಪಗೆ ಉಜ್ಜಿಹೋಗುತ್ತದೆ. ಮೇಲೆ ಏನೂ ಕಾಣುವುದಿಲ್ಲ, ಬಿಚ್ಚಿದಾಗಲೇ ತಿಳಿಯುವುದು. ಗೊರಸು ಬೆಳೆದಂತೆ ಅಳತೆಯೂ ತಪ್ಪುತ್ತದೆ, ಹೊಸದಾಗಿ ಕತ್ತರಿಸಿದಾಗ ಸರಿಹೊಂದಿದ ಬೂಟು ನಾಲ್ಕು ವಾರದ ಮೇಲೆ ಬಿಗಿಯಾಗುತ್ತದೆ. ನಿಮ್ಮ ಹಾದಿಯಲ್ಲಿ ಮರಳಿರುವುದರಿಂದ ಇದನ್ನು ಗಮನಿಸಿ.

ಒಂದು ವಿನಂತಿ: ಲಾಳ ಬಿಟ್ಟು ಅಂಟಿನ ಬೂಟಿಗೆ ಹೋಗುವುದಾದರೆ ಋತುವಿನ ನಡುವೆ ಬದಲಾಯಿಸಬೇಡಿ. ವಿಶ್ರಾಂತಿಯ ತಿಂಗಳುಗಳಲ್ಲಿ ಲಾಳ ತೆಗೆಸಿ, ತಳಕ್ಕೆ ಬಲ ಬರಲು ಸಮಯ ಕೊಟ್ಟು, ಆಮೇಲೆ ತೀರ್ಮಾನಿಸಿ.

ಪ್ರಶ್ನಿಸಿದವರಿಂದ: ದೂರದಾರಿ

ಮೂವರಿಗೂ ಮನಃಪೂರ್ವಕ ಧನ್ಯವಾದ. ನೀವು ಹೇಳಿದ್ದನ್ನೆಲ್ಲ ನೋಡಿಕೊಂಡು ಬರೆಯುತ್ತಿದ್ದೇನೆ.

ಎಕ್ಸ್-ರೇ ತೆಗೆಸಿದೆವು. ಎರಡೂ ಮುಂಗಾಲಿನ ತಳದ ದಪ್ಪ 11 ಮಿ.ಮೀ. ಮಾತ್ರ ಇದೆ, ಮುಂತುದಿ ಉದ್ದವಾಗಿರುವುದೂ ಸ್ಪಷ್ಟವಾಗಿ ಕಂಡಿತು. ಕೊಳೆತವಿಲ್ಲ. ಹಳೆಯ ಲಾಳಗಳನ್ನು ತೊಳೆದು ನೋಡಿದಾಗ ಎಡ ಮುಂಗಾಲಿನದರಲ್ಲಿ ಎರಡೂ ಹಿಮ್ಮಡಿಗಳ ಜಾಗ ಹೊಳೆಯುತ್ತಿತ್ತು, ಬಲ ಮುಂಗಾಲಿನದರಲ್ಲಿ ಹೊರಬದಿ ಮಾತ್ರ ಹೊಳೆಯುತ್ತಿತ್ತು, ಒಳಬದಿ ಮಂಕಾಗಿತ್ತು. ಗೋಡೆ ಗಟ್ಟಿಯಾಗಿದ್ದು ಮೊಳೆ ಚೆನ್ನಾಗಿ ಹಿಡಿಯುತ್ತದೆ. ನಮ್ಮ ಲಾಳ ಹೊಡೆಯುವವರಿಗೆ ಅಂಟಿನ ಕೆಲಸ ರೂಢಿಯಿಲ್ಲ. ಮೊದಲ 80 ಕಿ.ಮೀ. ಸವಾರಿಗೆ ಇನ್ನೂ ನಾಲ್ಕು ತಿಂಗಳಿವೆ. ಈ ಸ್ಥಿತಿಯಲ್ಲಿ ಯಾವ ಕ್ರಮದಲ್ಲಿ ಮುಂದುವರಿಯಬೇಕು? ನಡುದಾರಿಯಲ್ಲಿ ಲಾಳ ಕಳಚಿದರೆ ಏನು ಮಾಡಬೇಕೆಂಬುದನ್ನೂ ತಿಳಿಸಿ.

ಉತ್ತರ: ಸುತ್ತಿಗೆ ಮತ್ತು ಅರ

ನಾಲ್ಕು ತಿಂಗಳಿರುವುದು ದೊಡ್ಡ ಅನುಕೂಲ. ಮುಂತುದಿಯ ಗೋಡೆ ಮೇಲಿಂದ ಕೆಳಗಿನವರೆಗೆ ಪೂರ್ತಿ ಹೊಸದಾಗಿ ಬರಲು ಹತ್ತಿರ ಹತ್ತಿರ ಒಂದು ವರ್ಷ ಬೇಕು, ಅಷ್ಟು ಕಾಯಲಾಗದಿದ್ದರೂ ಈ ಅವಧಿಯಲ್ಲಿ ನಾಲ್ಕು ವಾರಕ್ಕೊಮ್ಮೆಯಂತೆ ನಾಲ್ಕು ಬಾರಿ ಲಾಳ ಬದಲಾಗುತ್ತದೆ. ಪ್ರತಿ ಬಾರಿಯೂ ಮುಂತುದಿಯನ್ನು ಹೊರಗಿನಿಂದ ಸ್ವಲ್ಪ ಸ್ವಲ್ಪವಾಗಿ ಹಿಂದಕ್ಕೆ ತರಬಹುದು. ಒಂದೇ ಬಾರಿಗೆ ತರಲು ಹೋಗಬಾರದು. ತಳಕ್ಕೆ ಚಾಕು ಸೋಕಿಸಬಾರದೆಂದು ವೈದ್ಯೆ ಹೇಳಿದ್ದನ್ನು ನಿಮ್ಮ ಲಾಳ ಹೊಡೆಯುವವರಿಗೆ ಎಕ್ಸ್-ರೇ ಮುಂದಿಟ್ಟುಕೊಂಡೇ ತಿಳಿಸಿ, 11 ಮಿ.ಮೀ. ಎಂಬ ಅಂಕಿ ಕಣ್ಣೆದುರಿಗಿದ್ದರೆ ಯಾರ ಕೈಯೂ ತಾನಾಗಿಯೇ ಹಗುರವಾಗುತ್ತದೆ.

ಬಲ ಮುಂಗಾಲಿನ ಒಳಬದಿ ಮಂಕಾಗಿರುವುದಕ್ಕೆ ಮೊದಲು ಆ ಬದಿಯ ಮೊಳೆತೂತುಗಳನ್ನು ನೋಡಿ. ಕೊನೆಯ ತೂತು ಅಗಲದ ಭಾಗಕ್ಕಿಂತ ಹಿಂದಿದ್ದರೆ ಮುಂದಿನ ಬಾರಿ ಅಲ್ಲಿ ಮೊಳೆ ಹೊಡೆಯದೆ ಬಿಡಲಿ; ಇಂಥ ಹಗುರ ಕುದುರೆಗೆ ಒಂದು ಗೊರಸಿಗೆ ಆರು ಮೊಳೆ ಸಾಕು, ಐದರಲ್ಲೂ ನಿಲ್ಲುತ್ತದೆ. ತೂತು ಸರಿಯಾದ ಜಾಗದಲ್ಲೇ ಇದ್ದರೆ ಕುದುರೆ ಆ ಕಾಲನ್ನು ನೆಲಕ್ಕೆ ಹೇಗೆ ಊರುತ್ತದೆಂದು ಎದುರಿನಿಂದ, ಗಟ್ಟಿ ನೆಲದಲ್ಲಿ, ಫೋನಿನ ನಿಧಾನಗತಿಯ ವಿಡಿಯೊದಲ್ಲಿ ತೆಗೆದು ವೈದ್ಯರಿಗೆ ತೋರಿಸಿ.

ಲಾಳದ ವಿಷಯಕ್ಕೆ ಬಂದರೆ, ಗೋಡೆ ಗಟ್ಟಿಯಾಗಿ ಮೊಳೆ ಹಿಡಿಯುತ್ತಿರುವಾಗ, ರೂಢಿಯಿಲ್ಲದ ಕೈಯಿಂದ ಅಂಟಿನ ಕೆಲಸ ಮಾಡಿಸಲು ಕಾರಣ ಕಾಣುವುದಿಲ್ಲ. ಮುಂಗಾಲಿಗೆ ನಾನು ಮೊದಲು ಹೇಳಿದ ಅಗಲ ಪಟ್ಟಿಯ ಹಗುರ ಉಕ್ಕು, ದುಂಡಗೆ ಬಾಗಿಸಿದ ಮುಂತುದಿ, ಅದರ ಮೇಲೆ ತೆಳು ಪ್ಲಾಸ್ಟಿಕ್ ಪ್ಯಾಡ್ ಮತ್ತು ಸಿಲಿಕೋನ್. ಪ್ಯಾಡ್ ಸೇರಿದಾಗ ತೂಕ ಹೆಚ್ಚುತ್ತದೆ, ಒಪ್ಪುತ್ತೇನೆ, ಆದರೆ ನೋಯುವ ತಳದಿಂದ ಗಿಡ್ಡ ಹೆಜ್ಜೆ ಹಾಕುವ ಕುದುರೆ ಅದೇ ದೂರಕ್ಕೆ ಎಷ್ಟೋ ಸಾವಿರ ಹೆಜ್ಜೆ ಹೆಚ್ಚು ಇಡಬೇಕಾಗುತ್ತದೆ, ಅದರ ಮುಂದೆ ಈ ತೂಕ ದೊಡ್ಡದಲ್ಲ. ಹಿಂಗಾಲಿಗೆ ಪ್ಯಾಡ್ ಬೇಡ. ಮುಂಗಾಲಿನ ಲಾಳ ಹಿಮ್ಮಡಿಗೆ ಆಸರೆ ಕೊಡುವಷ್ಟು ಹಿಂದಕ್ಕೆ ಚಾಚಿರಬೇಕು, ಆದರೆ ಹಿಂಗಾಲು ಬಂದು ಅದನ್ನು ಮೆಟ್ಟಿ ಕಿತ್ತುಹಾಕುವಷ್ಟು ಚಾಚಿರಬಾರದು. ದಣಿದ ಕುದುರೆ ಮುಂಗಾಲನ್ನು ತಡವಾಗಿ ಎತ್ತುವುದರಿಂದ ಕೊನೆಯ ಸುತ್ತಿನಲ್ಲೇ ಇದು ಹೆಚ್ಚು. ಅದಕ್ಕಾಗಿ ಹಿಂಗಾಲಿನ ಲಾಳದ ಮುಂತುದಿಯನ್ನು ಚಪ್ಪಟೆಯಾಗಿಸಿ ತುಸು ಹಿಂದಕ್ಕಿಟ್ಟು, ಮುಂದಿನ ಒಂದು ಕ್ಲಿಪ್ಪಿನ (ಗೊರಸಿನ ಗೋಡೆಗೆ ಒರಗಿ ನಿಲ್ಲುವ ಲಾಳದ ಕಿರುನಾಲಿಗೆಯ) ಬದಲು ಎರಡೂ ಬದಿಗೆ ಒಂದೊಂದು ಕ್ಲಿಪ್ ಕೊಡಿಸಿ.

ಪಂದ್ಯಕ್ಕೆ ಎಂಟರಿಂದ ಹತ್ತು ದಿನ ಮೊದಲು ಲಾಳ ಹೊಡೆಸಿ. ಮೊಳೆ ಒಳಗಿನ ಜೀವಂತ ಭಾಗಕ್ಕೆ ಹತ್ತಿರವಾಗಿದ್ದರೆ ಅದು ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಬಿಸಿಯಾಗಿ, ನೋವಾಗಿ ಹೊರಗೆ ತೋರುತ್ತದೆ; ಹಿಂದಿನ ದಿನ ಹೊಡೆಸಿದವರಿಗೆ ಅದು ತಿಳಿಯುವುದು ಪಂದ್ಯದ ನಡುವೆ. ಇದೇ ಜೋಡಣೆಯನ್ನು ಪಂದ್ಯಕ್ಕೆ ಎರಡು ಅವಧಿ ಮೊದಲೇ ಅಭ್ಯಾಸದಲ್ಲಿ ಓಡಿಸಿ ನೋಡಿರಬೇಕು. ಜಲ್ಲಿಯ ಮೇಲೆ ಹೆಜ್ಜೆ ಉದ್ದವಾಯಿತೇ, ಕುದುರೆ ದಾರಿಯ ನಡುವೆಯೇ ಉಳಿಯಿತೇ ಎಂಬುದೇ ನಿಮಗೆ ಸಿಗುವ ಉತ್ತರ. ಆಗಲೂ ಅಂಚಿಗೆ ಸರಿಯುತ್ತಿದ್ದರೆ 80 ಕಿ.ಮೀ.ಯನ್ನು ಒಂದು ಋತು ಮುಂದೂಡಿ.

ಲಾಳ ಕಳಚುವ ವಿಷಯ: ಮುಂಗಾಲಿನ ಅಳತೆಯ ಒಂದು ಕಟ್ಟುವ ಬೂಟು ಜೀನಿಗೆ ಬಿಗಿದಿರಲಿ. ಅಳತೆ ತೆಗೆಯಬೇಕಾದದ್ದು ಲಾಳವಿಲ್ಲದ ಗೊರಸಿಗೆ. ಲಾಳ ಬದಲಿಸುವ ದಿನ, ಹಳೆಯದು ಬಿಚ್ಚಿ ಹೊಸದು ಹೊಡೆಯುವ ಮುನ್ನ, ತೊಡಿಸಿ ನಾಲ್ಕು ಹೆಜ್ಜೆ ನಡೆಸಿ ನೋಡಿಕೊಳ್ಳಿ. ಲಾಳ ಪೂರ್ತಿ ಬಿದ್ದುಹೋದರೆ ಗೋಡೆಯಲ್ಲಿ ಮೊಳೆಯ ತುಂಡು ಉಳಿದಿಲ್ಲವೆಂದು ಖಚಿತಪಡಿಸಿಕೊಂಡು ಬೂಟು ತೊಡಿಸಿ. ಅರ್ಧ ಕಿತ್ತು ಓರೆಯಾಗಿ ನಿಂತರೆ ಅದು ಹೆಚ್ಚಿನ ಅಪಾಯ, ಏಕೆಂದರೆ ಕುದುರೆ ತನ್ನದೇ ಕ್ಲಿಪ್ಪನ್ನೋ ಮೊಳೆಯನ್ನೋ ಮೆಟ್ಟಿ ತಳಕ್ಕೆ ಚುಚ್ಚಿಕೊಳ್ಳುತ್ತದೆ. ಕೂಡಲೇ ಇಳಿದು, ಒಂದು ಹೆಜ್ಜೆಯನ್ನೂ ನಡೆಸದೆ, ಗೋಡೆಯ ಹೊರಗೆ ಮಡಚಿರುವ ಮೊಳೆತುದಿಗಳನ್ನು ಚಿಕ್ಕ ಅರದಿಂದ ಉಜ್ಜಿ ತೆಗೆದು, ಮೊಳೆಗಳನ್ನು ಒಂದೊಂದಾಗಿ ಇಕ್ಕಳದಿಂದ ಎಳೆಯಿರಿ. ಇಡೀ ಲಾಳವನ್ನು ಒಮ್ಮೆಗೇ ಕಿತ್ತರೆ ಗೋಡೆಯ ತುಂಡೂ ಜೊತೆಗೆ ಬರುತ್ತದೆ, ಆಮೇಲೆ ಹೊಸ ಲಾಳಕ್ಕೆ ಮೊಳೆ ಹಿಡಿಯುವ ಜಾಗವಿರುವುದಿಲ್ಲ. ಈ ಕೆಲಸವನ್ನು ನಿಮ್ಮ ಲಾಳ ಹೊಡೆಯುವವರ ಎದುರಿಗೇ ಒಮ್ಮೆ ನಿಮ್ಮ ಕೈಯಾರೆ ಮಾಡಿ ಕಲಿತುಕೊಳ್ಳಿ, ಮತ್ತು ಆಕಾರಕ್ಕೆ ತಂದಿಟ್ಟ ಒಂದು ಜೊತೆ ಲಾಳವನ್ನು, ಯಾವ ಕಾಲಿನದೆಂದು ಗುರುತು ಮಾಡಿ, ತಪಾಸಣಾ ಸ್ಥಳದಲ್ಲಿರುವ ನಿಮ್ಮ ಸಹಾಯಕರ ಕೈಯಲ್ಲಿ ಕೊಟ್ಟಿರಿ.